ಬೇಸಿಗೆಯಲ್ಲಿ ಊರೂರು ತಿರುಗಿದ ಗುಸ್ತಾವ್ ಲ ಗ್ರೇ

ಫೋಟೊ ತೆಗೆಯುವುದೆಂದರೆ ನಮಗೆಲ್ಲ ಒಂದು ಬೆರಳಿನ ಕೆಲಸ. ಕಾಲೇಜಿನ ಪ್ರವಾಸಕ್ಕೆ ಹೋದರೆ ಒಬ್ಬೊಬ್ಬರ ಮೊಬೈಲಿನಲ್ಲೂ ಇನ್ನೂರು ಮುನ್ನೂರು ಚಿತ್ರಗಳು ತುಂಬುತ್ತವೆ; ಮನೆಗೆ ಬಂದ ಮೇಲೆ ಅವನ್ನು ಪೂರ್ತಿ ನೋಡುವವರು ಕಡಿಮೆ. ಆದರೆ ಕ್ಯಾಮೆರಾ ಹಿಡಿದು ಪ್ರವಾಸ ಹೊರಡುವುದೇ ದೊಡ್ಡ ಸಾಹಸವಾಗಿದ್ದ ಕಾಲವೊಂದಿತ್ತು. ಆ ಸಾಹಸವನ್ನು ಸುಲಭ ಮಾಡಿದವರಲ್ಲಿ ಮುಖ್ಯರಾದ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಅವರ ಬಗ್ಗೆ ಈ ಲೇಖನ. ಛಾಯಾಗ್ರಹಣದ ಇತಿಹಾಸ ಓದಿದವರಿಗೆಲ್ಲ ಇವರ ಹೆಸರು ಗೊತ್ತು. ನಾನು ವಿಜ್ಞಾನ ವಿಭಾಗದವನಾದ್ದರಿಂದ ನನಗೆ ಇವರು ಮೊದಲು ಇಷ್ಟವಾದದ್ದು ಒಬ್ಬ ರಸಾಯನಶಾಸ್ತ್ರಜ್ಞರಾಗಿ, ಆಮೇಲೆ ಕಲಾವಿದರಾಗಿ.

ಲ ಗ್ರೇ ಹುಟ್ಟಿದ್ದು 1820ರ ಆಗಸ್ಟ್ 30ರಂದು, ಪ್ಯಾರಿಸ್ ಹತ್ತಿರದ ವಿಲಿಯೇ-ಲ-ಬೆಲ್ ಎಂಬ ಊರಿನಲ್ಲಿ. ತಂದೆ ವ್ಯಾಪಾರಿ. ಮಗ ಕಾನೂನು ಕಚೇರಿಯಲ್ಲಿ ಗುಮಾಸ್ತನಾಗಲಿ ಎಂಬುದು ಮನೆಯವರ ಆಸೆ. ಮಗನಿಗೆ ಚಿತ್ರ ಬರೆಯುವ ಹುಚ್ಚು. ಕೊನೆಗೆ ಅವರು ಪ್ಯಾರಿಸ್ಸಿನಲ್ಲಿ ಪಾಲ್ ದೆಲಾರೋಶ್ ಎಂಬ ಪ್ರಸಿದ್ಧ ಕಲಾವಿದರ ಬಳಿ ಕಲಿತು, 1843ರ ಸುಮಾರಿಗೆ ಇಟಲಿಗೆ ಹೋದರು. ರೋಮ್‌ನಲ್ಲಿ ಪಾಲ್ಮಿರಾ ಎಂಬ ಯುವತಿಯನ್ನು ಮದುವೆಯಾದರು. 1847ರಲ್ಲಿ ಪ್ಯಾರಿಸ್ಸಿಗೆ ಹಿಂತಿರುಗಿದಾಗ ಅವರಿಗೆ ಹಿಡಿದದ್ದು ಹೊಸದೊಂದು ಗೀಳು: ಫೋಟೊಗ್ರಫಿ.

ಆ ವಿದ್ಯೆ ಜಗತ್ತಿಗೆ ಪ್ರಕಟವಾಗಿ ಆಗಿನ್ನೂ ಎಂಟೇ ವರ್ಷ. ಎರಡು ದಾರಿಗಳಿದ್ದವು. ಒಂದು, ದಾಗೆರ್ ಅವರ ಬೆಳ್ಳಿ ತಗಡಿನ ವಿಧಾನ. ಅದರಲ್ಲಿ ಚಿತ್ರ ಬಹಳ ಸ್ಪಷ್ಟ, ಆದರೆ ಒಂದಕ್ಕೆ ಒಂದೇ ಪ್ರತಿ. ಇನ್ನೊಂದು, ಇಂಗ್ಲೆಂಡಿನ ಟಾಲ್ಬಟ್ ಅವರ ಕಾಗದದ ನೆಗೆಟಿವ್. ಅದರಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು, ಆದರೆ ಕಾಗದದ ನಾರು ಚಿತ್ರದಲ್ಲಿ ಕಾಣುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಸಿದ್ಧಪಡಿಸಿದ ಕಾಗದ ಬೇಗ ಕೆಡುತ್ತಿತ್ತು. ಬಿಸಿಲಿನಲ್ಲಿ ಊರೂರು ಸುತ್ತುವವರಿಗೆ ಅದು ಆಗಿಬರುವ ಮಾತಲ್ಲ.

ಲ ಗ್ರೇ ಇದಕ್ಕೆ ಕಂಡುಕೊಂಡ ಉಪಾಯ ಓದಿದರೆ ಅಡುಗೆಮನೆಯ ಕೆಲಸದಂತೆ ಕಾಣುತ್ತದೆ. ತೆಳ್ಳನೆಯ ಕಾಗದವನ್ನು ಕರಗಿದ ಬಿಳಿ ಜೇನುಮೇಣದಲ್ಲಿ ಅದ್ದಿ, ಹೆಚ್ಚಾದ ಮೇಣವನ್ನು ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ತೆಗೆಯಬೇಕು. ಆಗ ಕಾಗದ ಗಾಜಿನ ಹಾಗೆ ಬೆಳಕು ಬಿಡುತ್ತದೆ. ನಂತರ ಅಕ್ಕಿ ಬೇಯಿಸಿದ ತಿಳಿಗಂಜಿಗೆ ಹಾಲಿನ ಸಕ್ಕರೆ, ಪೊಟ್ಯಾಸಿಯಂ ಅಯೊಡೈಡ್ ಮೊದಲಾದವನ್ನು ಬೆರೆಸಿ ಅದರಲ್ಲಿ ನೆನೆಸಬೇಕು. ಒಣಗಿದ ಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣ. ನಮ್ಮ ಲ್ಯಾಬಿನಲ್ಲಿ ಸಾಲ್ಟ್ ಅನಾಲಿಸಿಸ್ ಮಾಡುವಾಗ ಕಂದು ಬಾಟಲಿಯಲ್ಲಿ ಇಟ್ಟಿರುತ್ತಾರಲ್ಲ, ಕೈಗೆ ತಾಗಿದರೆ ಮೂರು ದಿನ ಕಪ್ಪು ಕಲೆ ಹೋಗುವುದಿಲ್ಲವಲ್ಲ, ಅದೇ. ಕಾಗದದಲ್ಲಿರುವ ಅಯೊಡೈಡ್ ಬೆಳ್ಳಿಯೊಂದಿಗೆ ಸೇರಿ ಸಿಲ್ವರ್ ಅಯೊಡೈಡ್ ಆಗುತ್ತದೆ; ಬೆಳಕಿಗೆ ಪ್ರತಿಕ್ರಿಯಿಸುವುದು ಅದೇ. ಹೀಗೆ ತಯಾರಾದ ಕಾಗದವನ್ನು ತೊಳೆದು ಒಣಗಿಸಿ ಕತ್ತಲೆಯಲ್ಲಿಟ್ಟರೆ ಎರಡು ವಾರದವರೆಗೂ ಬಳಸಬಹುದಿತ್ತು. ಚಿತ್ರ ತೆಗೆದ ಮೇಲೂ ಆತುರವಿಲ್ಲ. ಕೆಲವು ದಿನ ಬಿಟ್ಟು, ನಿಧಾನವಾಗಿ ಗ್ಯಾಲಿಕ್ ಆಮ್ಲದಲ್ಲಿ ತೊಳೆದು ಚಿತ್ರ ಮೂಡಿಸಿದರಾಯಿತು. 1851ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅಂದಿನಿಂದ ಕ್ಯಾಮೆರಾ ಹಿಡಿದವರು ಜೊತೆಯಲ್ಲಿ ಇಡೀ ಪ್ರಯೋಗಾಲಯವನ್ನು ಹೊತ್ತು ತಿರುಗಬೇಕಾಗಲಿಲ್ಲ.

ಅದೇ ವರ್ಷ ಫ್ರಾನ್ಸ್ ಸರ್ಕಾರದ ಐತಿಹಾಸಿಕ ಸ್ಮಾರಕಗಳ ಆಯೋಗಕ್ಕೆ ಒಂದು ಯೋಚನೆ ಬಂತು. ದೇಶದ ಹಳೆಯ ಕೋಟೆ, ಅರಮನೆ, ಚರ್ಚುಗಳು ಪಾಳು ಬೀಳುತ್ತಿದ್ದವು. ದುರಸ್ತಿಗೆ ಕೈಹಾಕುವ ಮುನ್ನ ಅವು ಇದ್ದ ಸ್ಥಿತಿಯನ್ನು ದಾಖಲಿಸಬೇಕು, ಅದಕ್ಕೆ ಫೋಟೊಗ್ರಫಿಯೇ ಸರಿ ಎಂದು ಆಯೋಗ ತೀರ್ಮಾನಿಸಿ ಐವರನ್ನು ಆರಿಸಿತು. ಬಯಾರ್ ನಾರ್ಮಂಡಿಯ ಕಡೆಗೆ, ಲ ಸೆಕ್ ಪೂರ್ವದ ಕಡೆಗೆ, ಬಾಲ್ದ್ಯೂಸ್ ಪ್ರೊವಾನ್ಸ್ ಕಡೆಗೆ ಹೊರಟರು. ಲ ಗ್ರೇ ಮತ್ತು ಅವರ ಶಿಷ್ಯ ಮೆಸ್ತ್ರಾಲ್ ಇಬ್ಬರೂ ಜೊತೆಗೂಡಿ ನೈಋತ್ಯಕ್ಕೆ ನಡೆದರು. ಸರ್ಕಾರಿ ಖರ್ಚಿನಲ್ಲಿ, ಇಡೀ ಬೇಸಿಗೆ, ಗೆಳೆಯನೊಂದಿಗೆ ಊರೂರು ತಿರುಗಿ ಫೋಟೊ ತೆಗೆಯುವ ಕೆಲಸ! ಇಂಥ ನೌಕರಿಗೆ ಅರ್ಜಿ ಹಾಕಲು ನಾನಂತೂ ಸಿದ್ಧ.

ಆದರೆ ಅದು ವಿಹಾರವಾಗಿರಲಿಲ್ಲ. ರೈಲು ಇನ್ನೂ ಎಲ್ಲ ಕಡೆ ತಲುಪಿರಲಿಲ್ಲ. ಬಹುಪಾಲು ದಾರಿ ಕುದುರೆಗಾಡಿಯಲ್ಲಿ. ಆಗ ಚಿತ್ರವನ್ನು ದೊಡ್ಡದು ಮಾಡುವ ವ್ಯವಸ್ಥೆ ಇರಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಹಾಗಾಗಿ ನಮ್ಮ ರೆಕಾರ್ಡ್ ಪುಸ್ತಕದ ಹಾಳೆಗಿಂತ ದೊಡ್ಡ ಕಾಗದ ಹಿಡಿಸುವ ಮರದ ಪೆಟ್ಟಿಗೆಯೇ ಅವರ ಕ್ಯಾಮೆರಾ. ಒಂದೊಂದು ಚಿತ್ರಕ್ಕೂ ಹಲವು ನಿಮಿಷ ಲೆನ್ಸ್ ತೆರೆದಿಡಬೇಕು. ಅಷ್ಟರಲ್ಲಿ ಬೀದಿಯಲ್ಲಿ ನಡೆದುಹೋದವರ ಗುರುತು ಕಾಗದದ ಮೇಲೆ ಉಳಿಯುವುದಿಲ್ಲ. ಆ ಚಿತ್ರಗಳಲ್ಲಿ ಊರುಗಳು ನಿರ್ಜನವಾಗಿ ಕಾಣುವುದು ಇದಕ್ಕೇ. ಬೇಸಿಗೆಯ ಸೂರ್ಯ ಗೋಡೆಯ ಮೇಲೆ ಹೇಗೆ ಬೀಳುತ್ತಾನೆ, ಯಾವ ಹೊತ್ತಿಗೆ ಕೆತ್ತನೆಯ ನೆರಳು ಸರಿಯಾಗಿ ಬರುತ್ತದೆ ಎಂದು ಕಾಯುವುದೇ ಕೆಲಸದ ಮುಕ್ಕಾಲು ಪಾಲು.

ಲ್ವಾರ್ ನದಿಯ ಬಯಲಿನ ಬ್ಲ್ವಾ, ಶಾಂಬೋರ್ ಅರಮನೆಗಳು, ಪ್ವಾತಿಯೇ ಊರಿನ ಚರ್ಚು, ಹೀಗೆ ಅವರು ದಕ್ಷಿಣಕ್ಕೆ ಇಳಿದರು. ನನ್ನ ಗಮನ ನಿಂತದ್ದು ಮುಂದಿನ ಮೂರು ಊರುಗಳ ಮೇಲೆ.

ಪೆರಿಗೋ ಊರಿನ ಸೇಂಟ್ ಫ್ರಾಂಟ್ ಚರ್ಚಿಗೆ ಸಾಲು ಗುಮ್ಮಟಗಳಿವೆ. ಲ ಗ್ರೇ ಅಲ್ಲಿ ಕ್ಯಾಮೆರಾ ಇಟ್ಟ ಮರುವರ್ಷವೇ, ಅಂದರೆ 1852ರಲ್ಲಿ, ವಾಸ್ತುಶಿಲ್ಪಿ ಪಾಲ್ ಅಬಾದಿ ದುರಸ್ತಿ ಆರಂಭಿಸಿದರು. ದುರಸ್ತಿ ಎಂದು ಶುರುವಾದದ್ದು ಹೆಚ್ಚುಕಡಿಮೆ ಹೊಸ ಕಟ್ಟಡವೇ ಆಯಿತು. ಈಗ ಅಲ್ಲಿಗೆ ಹೋದವರು ನೋಡುವುದು ಬಹುಮಟ್ಟಿಗೆ ಅಬಾದಿಯ ಚರ್ಚನ್ನು.

ಮ್ವಾಸಾಕ್ ಮಠದಲ್ಲಿ 1100ರಲ್ಲಿ ಕಟ್ಟಿ ಮುಗಿಸಿದ ಒಳಾಂಗಣವಿದೆ. ಸುತ್ತಲಿನ ಕಂಬಗಳ ಮೇಲೆ 76 ಕೆತ್ತನೆಯ ಬೋದಿಗೆಗಳು. ಲ ಗ್ರೇ ಮತ್ತು ಮೆಸ್ತ್ರಾಲ್ ಅದರ ಮೊಗಸಾಲೆಯಲ್ಲಿ ನಿಂತು ಬೆಳಕು ನೆರಳಿನ ಚಿತ್ರ ತೆಗೆದರು. ಮುಂದಿನ ಕೆಲವೇ ವರ್ಷಗಳಲ್ಲಿ ರೈಲು ಮಾರ್ಗಕ್ಕಾಗಿ ಮಠದ ಭೋಜನಶಾಲೆಯನ್ನು ಕೆಡವಲಾಯಿತು. ಅಂಗಳ ಹೇಗೋ ಉಳಿಯಿತು.

ಮೂರನೆಯದು ಕಾರ್ಕಸೋನ್. ಎರಡು ಸುತ್ತಿನ ಗೋಡೆಯ ಈ ಕೋಟೆಯನ್ನು ಕೆಡವಬಹುದು ಎಂದು ಸರ್ಕಾರವೇ 1849ರಲ್ಲಿ ತೀರ್ಮಾನಿಸಿತ್ತು. ಸ್ಥಳೀಯರು ಮತ್ತು ಆಯೋಗದ ಪ್ರೊಸ್ಪೆರ್ ಮೆರಿಮೆಯಂಥವರು ಹೋರಾಡಿ ಅದನ್ನು ತಡೆದರು. ಲ ಗ್ರೇ ಬಂದಾಗ ಗೋಪುರಗಳಿಗೆ ತಲೆಯಿರಲಿಲ್ಲ, ಗೋಡೆಗಳು ಹಲ್ಲುದುರಿದ ಬಾಯಿಯಂತಿದ್ದವು, ಎರಡು ಗೋಡೆಗಳ ನಡುವೆ ಬಡವರ ಗುಡಿಸಲುಗಳಿದ್ದವು. 1853ರಿಂದ ವಿಯೊಲೆ-ಲ-ದ್ಯುಕ್ ಅದನ್ನು ಪುನರುಜ್ಜೀವಗೊಳಿಸಿದರು, ಗೋಪುರಗಳಿಗೆ ಚೂಪಾದ ಛಾವಣಿ ಬಂತು, ಗುಡಿಸಲುಗಳು ಹೋದವು. ಇಂದು ಅದು ಯುನೆಸ್ಕೊ ಪಟ್ಟಿಯಲ್ಲಿದೆ. ಈಗಿನ ಕೋಟೆ ಸುಂದರವಾಗಿದೆ, ಒಪ್ಪುತ್ತೇನೆ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಹೆಚ್ಚು ನಂಬಿಕೆ ಬರುವುದು ಲ ಗ್ರೇ ಅವರ ಮುರುಕು ಕೋಟೆಯ ಮೇಲೆ.

ಇಷ್ಟೆಲ್ಲ ಶ್ರಮದ ಫಲ ಏನಾಯಿತು? ಐವರ ಕೆಲಸದಿಂದ ಆಯೋಗದ ಕೈಗೆ ಬಂದದ್ದು 250ಕ್ಕೂ ಹೆಚ್ಚು ಚಿತ್ರಗಳು. ಆಯೋಗ ಅವನ್ನು ಕಡತಕ್ಕೆ ಸೇರಿಸಿ ಬೀಗ ಹಾಕಿತು. ಪುಸ್ತಕವಾಗಿ ಅಚ್ಚಾಗಲಿಲ್ಲ, ಜನರಿಗೆ ತೋರಿಸಲೂ ಇಲ್ಲ. ಆ ಕಾಲದ ಫೋಟೊಗ್ರಫಿ ಪತ್ರಿಕೆಯಲ್ಲಿ ಅಸಮಾಧಾನ ವ್ಯಕ್ತವಾಯಿತು. ಫಲ ಮಾತ್ರ ಸಿಗಲಿಲ್ಲ. ನೂರಕ್ಕೂ ಹೆಚ್ಚು ವರ್ಷ ಅವು ಹಾಗೇ ಬಿದ್ದಿದ್ದು, 1980ರ ಹೊತ್ತಿಗೆ ಪ್ರದರ್ಶನದ ಮೂಲಕ ಮತ್ತೆ ಬೆಳಕಿಗೆ ಬಂದವು.

ಲ ಗ್ರೇ ಸುಮ್ಮನೆ ಕೂರಲಿಲ್ಲ. ಒಳ್ಳೆಯ ಗುರು ಎಂಬ ಹೆಸರು ಅವರಿಗೆ ಮೊದಲೇ ಇತ್ತು. ಈಜಿಪ್ಟಿನ ಸ್ಮಾರಕಗಳ ಫೋಟೊ ತೆಗೆದು ಪ್ರಸಿದ್ಧರಾದ ಮಾಕ್ಸಿಮ್ ದು ಕಾಂ ಅವರೂ ಇವರ ಶಿಷ್ಯರೇ. 1856 ಮತ್ತು 57ರಲ್ಲಿ ಅವರು ತೆಗೆದ ಸಮುದ್ರದ ಚಿತ್ರಗಳು ಯುರೋಪಿನಲ್ಲೆಲ್ಲ ಮನೆಮಾತಾದವು. ಆಗಿನ ರಾಸಾಯನಿಕಗಳಿಗೆ ನೀಲಿ ಬೆಳಕೆಂದರೆ ಅತಿ ಸೂಕ್ಷ್ಮ. ನೀರು ಸರಿಯಾಗಿ ಬರುವಷ್ಟು ಹೊತ್ತು ಲೆನ್ಸ್ ತೆರೆದರೆ ಆಕಾಶ ಬರೀ ಬಿಳಿ. ಲ ಗ್ರೇ ಎಷ್ಟೋ ಚಿತ್ರಗಳಲ್ಲಿ ಆಕಾಶಕ್ಕೊಂದು, ಕಡಲಿಗೊಂದು ಬೇರೆ ಬೇರೆ ನೆಗೆಟಿವ್ ಬಳಸಿ ಒಂದೇ ಕಾಗದದಲ್ಲಿ ಸೇರಿಸಿದರು. ಮೊಬೈಲಿನಲ್ಲಿ ಆಕಾಶ ಬದಲಿಸುವ ಈಗಿನ ಆಟ ಅಷ್ಟು ಹಳೆಯದು. ಚಕ್ರವರ್ತಿ ಮೂರನೆಯ ನೆಪೋಲಿಯನ್ ಕೂಡ ಅವರಿಂದ ಕೆಲಸ ಮಾಡಿಸಿಕೊಂಡರು. ಪ್ಯಾರಿಸ್ಸಿನ ಬುಲೆವಾರ್ ದೆ ಕಪ್ಯುಸಿನ್ ಬೀದಿಯ 35ನೇ ನಂಬರಿನಲ್ಲಿ ವೈಭವದ ಸ್ಟುಡಿಯೊ ತೆರೆಯಿತು.

ಅಲ್ಲೇ ಎಡವಟ್ಟಾಯಿತು. ಆ ಹೊತ್ತಿಗೆ ವಿಸಿಟಿಂಗ್ ಕಾರ್ಡ್ ಗಾತ್ರದ ಅಗ್ಗದ ಭಾವಚಿತ್ರಗಳು ಬಂದು ಎಲ್ಲರೂ ಅದನ್ನೇ ಕೇಳತೊಡಗಿದ್ದರು. ಲ ಗ್ರೇ ಆ ದಾರಿ ಹಿಡಿಯಲಿಲ್ಲ. ದೊಡ್ಡ ಗಾತ್ರ, ದೀರ್ಘ ಬಾಳಿಕೆ, ಹೆಚ್ಚು ಬೆಲೆ, ಇದೇ ಅವರ ಹಠ. ಇದನ್ನು ಕೆಲವರು ಕಲಾವಿದನ ಸ್ವಾಭಿಮಾನ ಎಂದು ಹೊಗಳುತ್ತಾರೆ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ, ಯಾಕೆಂದರೆ ಹಾಕಿದ್ದು ಬೇರೆಯವರ ಬಂಡವಾಳ, ಮನೆಯಲ್ಲಿ ಹೆಂಡತಿ ಮಕ್ಕಳಿದ್ದರು. 1860ರ ಆರಂಭದಲ್ಲಿ ಸ್ಟುಡಿಯೊ ಮುಚ್ಚಿತು. ಅದೇ ವರ್ಷದ ಮೇ ತಿಂಗಳಲ್ಲಿ ಅವರು ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾ ಅವರ ಹಡಗು ಹತ್ತಿ ಮಾರ್ಸೇಯ್ ಬಂದರು ಬಿಟ್ಟರು. ಸಂಸಾರ ಹಿಂದೆ ಉಳಿಯಿತು. ಅವರು ಮತ್ತೆ ಫ್ರಾನ್ಸಿಗೆ ಮರಳಲೇ ಇಲ್ಲ.

ಪಲೆರ್ಮೊದಲ್ಲಿ ಯುದ್ಧದಿಂದ ಜರ್ಜರಿತವಾದ ಬೀದಿಗಳನ್ನೂ ಗರಿಬಾಲ್ಡಿಯ ಭಾವಚಿತ್ರವನ್ನೂ ತೆಗೆದರು. ಮುಂದೆ ಡ್ಯೂಮಾ ಜೊತೆ ಜಗಳವಾಗಿ, ಮಾಲ್ಟಾ ದ್ವೀಪದಲ್ಲಿ ಅವರನ್ನು ಇಳಿಸಿ ಹಡಗು ಹೊರಟುಹೋಯಿತು. ಅಲ್ಲಿಂದ ಲೆಬನಾನ್, ಅಲ್ಲಿ ಕಾಲು ಮುರಿದುಕೊಂಡರು, ಬಾಲ್‌ಬೆಕ್‌ನ ರೋಮನ್ ದೇಗುಲಗಳ ಚಿತ್ರ ತೆಗೆದರು. ನಂತರ ಅಲೆಕ್ಸಾಂಡ್ರಿಯ, ಕೊನೆಗೆ 1864ರ ಹೊತ್ತಿಗೆ ಕೈರೊ. ಇಸ್ಮಾಯಿಲ್ ಪಾಷಾ ಅವರ ಮಕ್ಕಳಿಗೆ ಚಿತ್ರಕಲೆಯ ಮೇಷ್ಟ್ರಾದರು. ರಾಜಕುಮಾರರೊಂದಿಗೆ ನೈಲ್ ನದಿಯ ಮೇಲೆ ಪ್ರಯಾಣಿಸಿ ತೆಗೆದ ಫೋಟೊಗಳನ್ನು 1867ರ ಪ್ಯಾರಿಸ್ ಪ್ರದರ್ಶನಕ್ಕೆ ಕಳುಹಿಸಿದರು. ಅಲ್ಲಿ ಯಾರೂ ಅಷ್ಟಾಗಿ ಗಮನಿಸಲಿಲ್ಲ. 1884ರ ಜುಲೈಯಲ್ಲಿ ಕೈರೊದಲ್ಲೇ ತೀರಿಕೊಂಡರು. 1999ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅವರ ಕಡಲ ಅಲೆಯ ಚಿತ್ರದ ಒಂದು ಪ್ರತಿ 5 ಲಕ್ಷ ಪೌಂಡಿಗೂ ಹೆಚ್ಚಿಗೆ ಮಾರಾಟವಾಯಿತು. ಆ ದಿನಕ್ಕೆ ಅದು ಫೋಟೊ ಒಂದಕ್ಕೆ ಸಿಕ್ಕಿದ ದಾಖಲೆಯ ಬೆಲೆ.

ನಮ್ಮ ನಾಡಿಗೂ ಮೇಣದ ಕಾಗದ ಬಂದಿತ್ತು. ಮದ್ರಾಸ್ ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದದ್ದು ಮೇಣದ ಕಾಗದದ ಮೇಲೆ. 1856ರಲ್ಲಿ ಹಂಪಿಯ ಪಾಳು ನಗರದಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಬಳಸಿದ್ದೂ ಅದನ್ನೇ. ಗ್ರೀನ್‌ಲಾ ಅವರ ನೆಗೆಟಿವ್‌ಗಳು ಕೂಡ ನೂರಕ್ಕೂ ಹೆಚ್ಚು ವರ್ಷ ಜನರ ಕಣ್ಣಿಗೆ ಬೀಳದೆ ಉಳಿದು, 1980ರ ದಶಕದಲ್ಲಿ ಹೊರಬಂದವು. ಆಗ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೊ ತೆಗೆದರು. 50 ರೂಪಾಯಿ ನೋಟಿನ ಹಿಂದೆ ಇರುವ ಕಲ್ಲಿನ ರಥವನ್ನು ಎಲ್ಲರೂ ನೋಡಿದ್ದೀರಿ. ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಗೋಪುರ ಇನ್ನೂ ನಿಂತಿದೆ.