ಮೋಕ್ಷಗುಂಡಂ ವಿಶ್ವೇಶ್ವರಯ್ಯ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ (ಸೆಪ್ಟೆಂಬರ್ 15, 1861 – ಏಪ್ರಿಲ್ 1962) ಭಾರತದ ಪ್ರಸಿದ್ಧ ಇಂಜಿನಿಯರು, ಆಡಳಿತಗಾರರು ಮತ್ತು 1912ರಿಂದ 1918ರವರೆಗೆ ಮೈಸೂರು ಸಂಸ್ಥಾನದ ದಿವಾನರು. ಸರ್ ಎಂ.ವಿ. ಎಂಬ ಹೆಸರಿನಿಂದ ಜನಜನಿತರಾದ ಇವರಿಗೆ 1955ರಲ್ಲಿ ಭಾರತರತ್ನ ಪ್ರಶಸ್ತಿ ದೊರೆಯಿತು. ಇವರ ಹೆಸರು ಮುಖ್ಯವಾಗಿ ಕೃಷ್ಣರಾಜಸಾಗರ ಅಣೆಕಟ್ಟಿನೊಂದಿಗೆ ಸೇರಿಕೊಂಡಿದೆ. ಆದರೆ ನೀರಿನ ಮಟ್ಟವನ್ನು ತಾನೇ ಅರಿತು ತೆರೆದು ಮುಚ್ಚುವ ಸ್ವಯಂಚಾಲಿತ ಬಾಗಿಲುಗಳನ್ನು ಅವರು ಅದಕ್ಕೂ ಮೊದಲೇ ರೂಪಿಸಿದ್ದರು. ಭಾರತದಲ್ಲಿಯೇ ಮೋಟಾರು ಕಾರುಗಳನ್ನು ತಯಾರಿಸಬೇಕೆಂದು ಇಳಿವಯಸ್ಸಿನಲ್ಲಿ ನಡೆಸಿದ ಪ್ರಯತ್ನವೂ ಅವರ ಬದುಕಿನ ಮುಖ್ಯ ಭಾಗವಾಗಿದೆ. ಶಾಲಾ ಪಠ್ಯಗಳಲ್ಲಿ ಈ ಎರಡು ವಿಷಯಗಳಿಗೆ ಸಿಗುವ ಸ್ಥಳ ಕಡಿಮೆ.

ಜನನ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಸಮೀಪದಲ್ಲಿ, ನಂದಿಬೆಟ್ಟದ ಸೀಮೆಯಲ್ಲಿರುವ ಮುದ್ದೇನಹಳ್ಳಿಯಲ್ಲಿ. ಅಂದು ಆ ಊರು ಕೋಲಾರ ಜಿಲ್ಲೆಗೆ ಸೇರಿತ್ತು. 2007ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾಯಿತು. ಪೂರ್ವಿಕರು ಇಂದಿನ ಆಂಧ್ರಪ್ರದೇಶದ ಮೋಕ್ಷಗುಂಡಂ ಗ್ರಾಮದವರಾದ್ದರಿಂದ ಆ ಊರಿನ ಹೆಸರು ಮನೆತನಕ್ಕೆ ಉಳಿದುಕೊಂಡಿತು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಜನನದ ವರ್ಷವನ್ನು ಕೆಲವರು 1860 ಎಂದೂ ಬರೆಯುತ್ತಾರೆ. ಶತಮಾನೋತ್ಸವವು 1960ರ ಸೆಪ್ಟೆಂಬರಿನಲ್ಲಿ ನಡೆಯಿತು. ಅವರು ಬದುಕಿರುವಾಗಲೇ, ಅದೇ ಸಂದರ್ಭದಲ್ಲಿ, ಅವರ ಚಿತ್ರವಿರುವ ಅಂಚೆಚೀಟಿಯೂ ಹೊರಬಂದಿತು.

ಪ್ರಾಥಮಿಕ ಶಿಕ್ಷಣ ಚಿಕ್ಕಬಳ್ಳಾಪುರದಲ್ಲಿ ನಡೆಯಿತು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕ, ಸೋದರಮಾವನ ಆಸರೆಯಲ್ಲಿ ಬೆಂಗಳೂರಿಗೆ ಬಂದು ಓದು ಮುಂದುವರಿಸಿದನು. ಮನೆಪಾಠ ಹೇಳಿಕೊಟ್ಟು ತನ್ನ ಖರ್ಚನ್ನು ತಾನೇ ತೂಗಿಸಿಕೊಳ್ಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1881ರಲ್ಲಿ ಬಿ.ಎ. ಪದವಿ ಪಡೆದನು. ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರಲ್ಲಿ ಸಿವಿಲ್ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಳಿಸಿದನು.

ಹುಟ್ಟೂರಿನ ನೀರಿನ ನೆಲೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಉತ್ತರ ಪಿನಾಕಿನಿ, ಚಿತ್ರಾವತಿ ಮತ್ತು ಪಾಪಾಗ್ನಿ ನದಿಗಳು ಈ ಭಾಗದಲ್ಲಿಯೇ ಹುಟ್ಟಿದರೂ ಅವು ಮಳೆಗಾಲದ ನದಿಗಳು. ಆದುದರಿಂದ ಇಲ್ಲಿನ ಬೇಸಾಯವು ತಲೆತಲಾಂತರದಿಂದ ಕೆರೆಗಳನ್ನೇ ನಂಬಿತ್ತು. ಕೆರೆಗೆ ನೀರು ಬಿಡುವ ತೂಬು, ಹೆಚ್ಚಾದ ನೀರು ಹೊರಹೋಗುವ ಕೋಡಿ, ಇವೆರಡನ್ನೂ ನೋಡಿಕೊಳ್ಳುವ ನೀರುಗಂಟಿ, ಇದು ಊರೂರಿನ ವ್ಯವಸ್ಥೆ. ನೀರಿನ ಮಟ್ಟವನ್ನು ಕಣ್ಣಿನಲ್ಲಿ ಅಳೆದು ತೂಬನ್ನು ಎತ್ತುವುದೋ ಇಳಿಸುವುದೋ ಎಂದು ತೀರ್ಮಾನಿಸುವುದು ನೀರುಗಂಟಿಯ ಕೆಲಸವಾಗಿತ್ತು. ಈ ತೀರ್ಮಾನವನ್ನು ಯಂತ್ರಕ್ಕೆ ಒಪ್ಪಿಸುವ ಕೆಲಸವನ್ನು ಇದೇ ಸೀಮೆಯ ಹುಡುಗ ಮುಂದೆ ಮುಂಬಯಿ ಪ್ರಾಂತದಲ್ಲಿ ಮಾಡಿದನು.

ಮುಂಬಯಿ ಪ್ರಾಂತದ ಸೇವೆ

1884ರಲ್ಲಿ ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ ನಾಸಿಕದಲ್ಲಿ ಕೆಲಸ ಆರಂಭಿಸಿದರು. ಸಿಂಧ್ ಪ್ರಾಂತದ ಸುಕ್ಕೂರಿಗೆ ಕುಡಿಯುವ ನೀರಿನ ಯೋಜನೆ ರೂಪಿಸಿದರು. ನೀರಾ ಕಾಲುವೆಯ ಪ್ರದೇಶದಲ್ಲಿ ಅವರು ತಂದ ಬ್ಲಾಕ್ ಪದ್ಧತಿಯಲ್ಲಿ ಒಂದೇ ಹಳ್ಳಿಗೆ ನೀರು ಸುರಿಯುವ ಬದಲು, ಹಲವು ಹಳ್ಳಿಗಳಿಗೆ ಮಿತವಾಗಿ ಹಂಚಿ, ಬೆಳೆಗಳನ್ನು ಸರದಿಯಂತೆ ಬದಲಾಯಿಸಲಾಗುತ್ತಿತ್ತು. ನೀರು ವ್ಯರ್ಥವಾಗುವುದೂ ಹೊಲಗಳು ಜವುಗಾಗುವುದೂ ಇದರಿಂದ ತಪ್ಪಿತು. 1906ರಲ್ಲಿ ಏಡನ್ ಪಟ್ಟಣದ ನೀರು ಪೂರೈಕೆಯ ಬಗೆಗೂ ಅವರು ಸಲಹೆ ನೀಡಿದರು.

ಸ್ವಯಂಚಾಲಿತ ಬಾಗಿಲುಗಳು

ಪುಣೆಗೆ ನೀರು ಒದಗಿಸುತ್ತಿದ್ದ ಖಡಕ್‌ವಾಸ್ಲಾ ಜಲಾಶಯದಲ್ಲಿ, ಅಂದರೆ ಅಂದಿನ ಫೈಫ್ ಸರೋವರದಲ್ಲಿ, ಪ್ರತಿ ಮಳೆಗಾಲದಲ್ಲೂ ಬಹಳಷ್ಟು ನೀರು ಕೋಡಿಯ ಮೇಲೆ ಹರಿದು ಹೋಗುತ್ತಿತ್ತು. ಕೋಡಿಯನ್ನು ಕಲ್ಲಿನಿಂದ ಎತ್ತರಿಸಿದರೆ ನೀರು ಹೆಚ್ಚು ನಿಲ್ಲುತ್ತದೆ; ಆದರೆ ದೊಡ್ಡ ಪ್ರವಾಹ ಬಂದಾಗ ಅಣೆಕಟ್ಟಿಗೇ ಅಪಾಯ. ಕೈಯಿಂದ ತೆರೆಯುವ ಬಾಗಿಲಿಟ್ಟರೆ, ನಡುರಾತ್ರಿಯಲ್ಲಿ ನೀರು ಏರಿದಾಗ ಅದನ್ನು ತೆರೆಯುವವರು ಅಲ್ಲಿರಬೇಕು. ಈ ಇಕ್ಕಟ್ಟಿಗೆ ವಿಶ್ವೇಶ್ವರಯ್ಯನವರು ಕಂಡುಕೊಂಡ ಪರಿಹಾರವೇ 1903ರಲ್ಲಿ ಅಲ್ಲಿ ಅಳವಡಿಸಿದ ಬಾಗಿಲುಗಳು.

ಈ ಏರ್ಪಾಟಿನಲ್ಲಿ ಕೋಡಿಯ ಮೇಲಿನ ಬಾಗಿಲಿಗೆ ಎದುರುತೂಕ ಕಟ್ಟಿ ಸಮತೋಲದಲ್ಲಿ ಇರಿಸಲಾಗುತ್ತದೆ. ಜಲಾಶಯವು ಗೊತ್ತಾದ ಮಟ್ಟವನ್ನು ಮೀರಿದ ಕೂಡಲೇ ಆ ನೀರೇ ಒಂದು ತೊಟ್ಟಿಯೊಳಕ್ಕೆ ಬಿದ್ದು, ಅಲ್ಲಿರುವ ತೂಕದ ಸಮತೋಲವನ್ನು ಕೆಡಿಸುತ್ತದೆ; ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಪ್ರವಾಹ ಇಳಿದ ಮೇಲೆ ತೊಟ್ಟಿ ಬರಿದಾಗಿ ತೂಕವು ಮೊದಲಿನ ಸ್ಥಿತಿಗೆ ಬರುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಇದಕ್ಕೆ ಮನುಷ್ಯನ ಕೈಯಾಗಲಿ ಇಂಧನವಾಗಲಿ ಬೇಕಿಲ್ಲ. ಇದರಿಂದ ಖಡಕ್‌ವಾಸ್ಲಾದ ಸಂಗ್ರಹ ಮಟ್ಟವನ್ನು ಸುಮಾರು 8 ಅಡಿಗಳಷ್ಟು ಏರಿಸುವುದು ಸಾಧ್ಯವಾಯಿತು. ವಿಶ್ವೇಶ್ವರಯ್ಯನವರು ಇದಕ್ಕೆ ಪೇಟೆಂಟ್ ಪಡೆದರೂ ಸರ್ಕಾರಿ ಕೆಲಸದಲ್ಲಿರುವಾಗ ಮಾಡಿದ ಆವಿಷ್ಕಾರವೆಂದು ಗೌರವಧನವನ್ನು ಸ್ವೀಕರಿಸಲಿಲ್ಲ. ಇದೇ ಬಗೆಯ ಬಾಗಿಲುಗಳನ್ನು ಮುಂದೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿನಲ್ಲಿಯೂ ಕೃಷ್ಣರಾಜಸಾಗರದಲ್ಲಿಯೂ ಬಳಸಲಾಯಿತು.

ತಂತ್ರಜ್ಞಾನದ ವಿದ್ಯಾರ್ಥಿಗಳು ಈ ಬಾಗಿಲನ್ನು ಇಂದಿನ ಕಾರಿನ ಇಂಜಿನ್ನಿನೊಂದಿಗೆ ಹೋಲಿಸಿ ನೋಡಬಹುದು. ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ಹೊಗೆಕೊಳವೆಯಲ್ಲಿ ಕೂರಿಸಿದ ಆಮ್ಲಜನಕ ಸಂವೇದಕವು, ಉರಿದು ಉಳಿದ ಅನಿಲದಲ್ಲಿ ಆಮ್ಲಜನಕ ಎಷ್ಟಿದೆಯೆಂದು ಅಳೆದು ಇಂಜಿನ್ನಿನ ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪ್ಯೂಟರು ಅದಕ್ಕೆ ತಕ್ಕಂತೆ ಇಂಧನವನ್ನು ಹೆಚ್ಚಿಸುತ್ತದೆ ಅಥವಾ ತಗ್ಗಿಸುತ್ತದೆ. ಹಳೆಯ ಬಗೆಯ ಸಂವೇದಕವು ಇಂಧನ ಹೆಚ್ಚೋ ಕಡಿಮೆಯೋ ಎಂಬುದನ್ನು ಮಾತ್ರ ಹೇಳುತ್ತದೆ. ವೈಡ್‌ಬ್ಯಾಂಡ್ ಸಂವೇದಕವಾದರೋ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದನ್ನೂ ತಿಳಿಸಬಲ್ಲದು. ಅದನ್ನು ಕಂಪ್ಯೂಟರಿಗೆ ಜೋಡಿಸುವಾಗ ಯಾವ ವೋಲ್ಟೇಜು ಯಾವ ಅನುಪಾತವನ್ನು ಸೂಚಿಸುತ್ತದೆ ಎಂಬ ಲೆಕ್ಕ ಎರಡೂ ಕಡೆ ಒಂದೇ ಆಗಿರಬೇಕು. ಅದು ತಪ್ಪಿದರೆ ಸಂವೇದಕ ಸರಿಯಾಗಿದ್ದರೂ ಇಂಧನದ ಪ್ರಮಾಣ ತಪ್ಪುತ್ತದೆ. ಬಾಗಿಲಿನ ತೊಟ್ಟಿಗೆ ನೀರು ಒಳಬರುವ ಬಾಯನ್ನು ಅಡ್ಡಾದಿಡ್ಡಿ ಎತ್ತರದಲ್ಲಿ ಇಟ್ಟರೂ ಆಗುವುದು ಇದೇ. ಕಾರಿನಲ್ಲಿ ಅಳೆಯುವುದು, ತೀರ್ಮಾನಿಸುವುದು ಮತ್ತು ನಡೆಸುವುದು ಮೂರು ಬೇರೆ ಬೇರೆ ಭಾಗಗಳ ಕೆಲಸ. ಖಡಕ್‌ವಾಸ್ಲಾದಲ್ಲಿ ಇವನ್ನೆಲ್ಲ ನೀರು ಮತ್ತು ತೂಕಗಳೇ ಮಾಡುತ್ತಿದ್ದವು.

ಹೈದರಾಬಾದು ಮತ್ತು ಮೈಸೂರು

ಮುಂಬಯಿ ಸರ್ಕಾರದ ಸೇವೆಯಿಂದ 1908ರಲ್ಲಿ ಸ್ವಇಚ್ಛೆಯಿಂದ ನಿವೃತ್ತರಾದರು. ಅದೇ ವರ್ಷದ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಮಡಿದಾಗ, ನಿಜಾಮರ ಸರ್ಕಾರ ಇವರ ಸಲಹೆ ಕೇಳಿತು. ನಗರದ ಮೇಲ್ಭಾಗದಲ್ಲಿ ಪ್ರವಾಹವನ್ನು ತಡೆಹಿಡಿಯುವ ಜಲಾಶಯಗಳು ಬೇಕೆಂಬ ಇವರ ಯೋಜನೆಯ ಫಲವೇ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು.

1909ರ ನವೆಂಬರಿನಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾದರು. ಕಾವೇರಿಗೆ ಅಡ್ಡಲಾಗಿ ಕನ್ನಂಬಾಡಿಯ ಬಳಿ ಅಣೆಕಟ್ಟಿನ ಕೆಲಸ 1911ರಲ್ಲಿ ಆರಂಭವಾಯಿತು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಸತತವಾಗಿ ಸಿಗಬೇಕಾದರೆ ಬೇಸಿಗೆಯಲ್ಲೂ ನದಿಯಲ್ಲಿ ನೀರಿರಬೇಕು. ಮಂಡ್ಯದ ಸೀಮೆಗೆ ನೀರಾವರಿ ಬೇಕು. ಈ ಎರಡು ಉದ್ದೇಶಗಳು ಯೋಜನೆಯ ಬೆನ್ನಿಗಿದ್ದವು. ಮದರಾಸು ಸರ್ಕಾರದ ಆಕ್ಷೇಪದಿಂದಾಗಿ ಮೊದಲು 80 ಅಡಿಗಳಿಗೆ ಮಾತ್ರ ಅನುಮತಿ ದೊರೆಯಿತು. ಆದರೂ ಮುಂದೆ 124 ಅಡಿಗಳಿಗೆ ಏರಿಸಲು ಸಾಲುವಂತೆ ತಳಪಾಯವನ್ನು ಅಗಲವಾಗಿ ಹಾಕಿಸಿದರು. ಎರಡೂ ಸರ್ಕಾರಗಳ ನಡುವಿನ ಒಪ್ಪಂದ 1924ರಲ್ಲಿ ಆಯಿತು.

ದಿವಾನರಾಗಿದ್ದ ಆರು ವರ್ಷಗಳಲ್ಲಿ ಮೈಸೂರು ಬ್ಯಾಂಕು (1913), ಕನ್ನಡ ಸಾಹಿತ್ಯ ಪರಿಷತ್ತು (1915), ಮೈಸೂರು ವಿಶ್ವವಿದ್ಯಾನಿಲಯ (1916), ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು (1917), ಗಂಧದೆಣ್ಣೆ ಮತ್ತು ಸಾಬೂನಿನ ಕಾರ್ಖಾನೆಗಳು ಸ್ಥಾಪನೆಯಾದವು. ಚಿಂತಾಮಣಿ, ಶಿಡ್ಲಘಟ್ಟ ಮತ್ತು ಚಿಕ್ಕಬಳ್ಳಾಪುರಗಳನ್ನು ಕೋಲಾರಕ್ಕೂ ಬೆಂಗಳೂರಿಗೂ ಕೂಡಿಸಿದ ನ್ಯಾರೋಗೇಜ್ ರೈಲುಮಾರ್ಗ ಬೆಳೆದದ್ದೂ ಈ ಕಾಲದಲ್ಲಿಯೇ. ಅದು ಈಚೆಗೆ ಬ್ರಾಡ್‌ಗೇಜ್ ಆಗಿದೆ. ಗೌರಿಬಿದನೂರಿನ ಮೂಲಕ ಹಿಂದೂಪುರದ ಕಡೆಗೆ ಹೋಗುವ ಮಾರ್ಗ ಅದಕ್ಕಿಂತ ಹಳೆಯದು.

ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ಹೆಚ್ಚಿನ ಸ್ಥಾನ ದೊರೆಯಬೇಕೆಂಬ ಬೇಡಿಕೆ ಬಲಗೊಂಡು, 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಅರ್ಹತೆಯನ್ನು ಬಿಟ್ಟು ಬೇರೆ ಅಳತೆಗೋಲು ಇರಬಾರದೆಂಬುದು ದಿವಾನರ ನಿಲುವಾಗಿತ್ತು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಇದನ್ನು ಒಪ್ಪಲಿಲ್ಲ. ಅದೇ ವರ್ಷದ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ಅಧಿಕಾರ ಬಿಟ್ಟರು. ಶಿಕ್ಷಣವೇ ಕೆಲವರ ಸೊತ್ತಾಗಿದ್ದ ಕಾಲದಲ್ಲಿ ಈ ನಿಲುವು ಎಷ್ಟು ನ್ಯಾಯವಾಗಿತ್ತು ಎಂಬ ಪ್ರಶ್ನೆಯನ್ನು ಅನಂತರದ ಇತಿಹಾಸಕಾರರು ಎತ್ತಿದ್ದಾರೆ. ರಾಜೀನಾಮೆ ಸಲ್ಲಿಸಲು ಸರ್ಕಾರಿ ಕಾರಿನಲ್ಲಿ ಹೋಗಿ ಸ್ವಂತ ಕಾರಿನಲ್ಲಿ ಹಿಂದಿರುಗಿದರೆಂಬುದು ಜನರ ಬಾಯಲ್ಲಿ ಉಳಿದಿರುವ ಕಥೆ.

ಭದ್ರಾವತಿ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿದ್ದಾಗ 1923ರಿಂದ 1929ರವರೆಗೆ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನು ನಿಲ್ಲಿಸಿದರು.

ಮೋಟಾರು ಕಾರ್ಖಾನೆಯ ಪ್ರಯತ್ನ

1930ರ ದಶಕದಲ್ಲಿ ಭಾರತದ ರಸ್ತೆಗಳ ಮೇಲೆ ಓಡುತ್ತಿದ್ದ ಕಾರು ಮತ್ತು ಲಾರಿಗಳೆಲ್ಲ ಹೊರದೇಶದವು. ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪನಿಗಳು ಇಲ್ಲಿ ನಡೆಸುತ್ತಿದ್ದುದು ತಯಾರಿಕೆಯಲ್ಲ. ಹಡಗಿನಲ್ಲಿ ಬಂದ ಭಾಗಗಳ ಜೋಡಣೆ ಮಾತ್ರ. ಕಾರು ತಯಾರಿಸುವ ಕಾರ್ಖಾನೆಯೊಂದು ಬಂದರೆ ಉಕ್ಕು, ರಬ್ಬರು, ಗಾಜು ಮತ್ತು ವಿದ್ಯುತ್ ಸಲಕರಣೆಗಳ ಉದ್ದಿಮೆಗಳೂ ಅದರ ಬೆನ್ನಿಗೇ ಬೆಳೆಯುತ್ತವೆ ಎಂಬುದು ವಿಶ್ವೇಶ್ವರಯ್ಯನವರ ಲೆಕ್ಕಾಚಾರವಾಗಿತ್ತು. ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತು 1934ರಲ್ಲಿ ಪ್ರಕಟವಾದ ಅವರ ಗ್ರಂಥದ ಹಿಂದೆಯೂ ಇದೇ ಬಗೆಯ ಚಿಂತನೆಯಿದೆ.

1935ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಈ ಉದ್ದಿಮೆಯನ್ನು ನೋಡಿ ತಿಳಿಯುವುದಕ್ಕಾಗಿ ಯುರೋಪು ಮತ್ತು ಅಮೆರಿಕಗಳಿಗೆ ಹೋದರು. ಹಿಂದಿರುಗಿ ಮುಂಬಯಿಯಲ್ಲಿ ಕಾರ್ಖಾನೆ ಸ್ಥಾಪಿಸುವ ಯೋಜನೆ ಸಿದ್ಧಪಡಿಸಿದರು. ಬಂಡವಾಳ ಹೂಡುವವರಿಗೆ ಧೈರ್ಯ ಬರಬೇಕಾದರೆ ಸರ್ಕಾರ ಬಡ್ಡಿಗೆ ಖಾತರಿ ಕೊಡಬೇಕೆಂದು ಕೇಳಿದರು. 1937ರಲ್ಲಿ ಅಧಿಕಾರಕ್ಕೆ ಬಂದ ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ ಈ ವಿಷಯದಲ್ಲಿ ಅನುಕೂಲವಾಗಿತ್ತು. ಆದರೆ ಯುದ್ಧ ಆರಂಭವಾದ 1939ರಲ್ಲಿ ಆ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು.

ಇದರ ನಡುವೆ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಯೋಜನೆಯನ್ನು ಕೈಗೆತ್ತಿಕೊಂಡು ಅಮೆರಿಕದ ಕ್ರೈಸ್ಲರ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿದ್ದರು. ಕಾರ್ಖಾನೆಯನ್ನು ಬೆಂಗಳೂರಿಗೆ ತರುವ ಮಾತುಕತೆಯೂ ನಡೆಯಿತು. ಮೈಸೂರು ಸರ್ಕಾರ ಮೊದಲು ಒಲವು ತೋರಿದರೂ ಬ್ರಿಟಿಷ್ ಅಧಿಕಾರಿಗಳ ವಿರೋಧದಿಂದ ಹಿಂದೆ ಸರಿಯಬೇಕಾಯಿತು. ಮೋಟಾರು ತಯಾರಿಕೆಯನ್ನು ಯುದ್ಧಕ್ಕೆ ಅಗತ್ಯವಾದ ಉದ್ದಿಮೆಯೆಂದು ಭಾರತ ಸರ್ಕಾರ ಪರಿಗಣಿಸಲಿಲ್ಲ. ಸೈನ್ಯಕ್ಕೆ ವಾಹನಗಳು ಬೇಕಾಗಿದ್ದ ಕಾಲದಲ್ಲಿಯೇ ಹೀಗಾದದ್ದು ವಿಚಿತ್ರವೆನಿಸುತ್ತದೆ. ವಿಶ್ವೇಶ್ವರಯ್ಯನವರು ಈ ಅನುಭವವನ್ನು 1951ರ ತಮ್ಮ ವೃತ್ತಿಜೀವನದ ನೆನಪುಗಳಲ್ಲಿ ಬೇಸರದಿಂದ ದಾಖಲಿಸಿದ್ದಾರೆ.

ಬೆಂಗಳೂರಿಗೆ ಕಾರಿನ ಬದಲು ವಿಮಾನ ಬಂದಿತು: ವಾಲ್‌ಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭಿಸಿದರು. ಅವರ ಕಾರಿನ ಕಂಪನಿಯಾದ ಪ್ರೀಮಿಯರ್ ಆಟೋಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿ ಮೋಟಾರು ಬಿಡಿಭಾಗಗಳ ತಯಾರಿಕೆಗೆ 1951ರಲ್ಲಿ ಮೈಕೋ ಬಂದಿತು. ಅದರ ಜರ್ಮನ್ ಪಾಲುದಾರ ಬಾಷ್ ಕಂಪನಿಯೇ 1976ರಲ್ಲಿ ಕಾರುಗಳಿಗೆ ಆಮ್ಲಜನಕ ಸಂವೇದಕವನ್ನು ಮಾರುಕಟ್ಟೆಗೆ ತಂದಿತು.

ಕೊನೆಯ ವರ್ಷಗಳು ಮತ್ತು ಸ್ಮಾರಕಗಳು

1941ರಲ್ಲಿ ಅಖಿಲ ಭಾರತ ತಯಾರಕರ ಸಂಘದ ಸ್ಥಾಪಕ ಅಧ್ಯಕ್ಷರಾದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ 1943ರಲ್ಲಿ ಇವರ ಪ್ರೇರಣೆಯಿಂದ ಆರಂಭವಾಯಿತು. ತೊಂಬತ್ತರ ಆಸುಪಾಸಿನಲ್ಲಿಯೂ ಬಿಹಾರದಲ್ಲಿ ಗಂಗಾನದಿಯ ಸೇತುವೆಗೆ ಸ್ಥಳ ಆರಿಸುವ ಸಮಿತಿಯ ಕೆಲಸ ಮಾಡಿದರು. ಆ ಸೇತುವೆ ಮೊಕಾಮಾದಲ್ಲಿ 1959ರಲ್ಲಿ ತೆರೆಯಿತು.

1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅಂತ್ಯಕ್ರಿಯೆ ಮುದ್ದೇನಹಳ್ಳಿಯಲ್ಲಿ ನಡೆಯಿತು. ಅವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 15ನ್ನು ದೇಶದಾದ್ಯಂತ ಇಂಜಿನಿಯರುಗಳ ದಿನವಾಗಿ ಆಚರಿಸುತ್ತಾರೆ. ಬೆಂಗಳೂರಿನ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಭದ್ರಾವತಿಯ ಉಕ್ಕಿನ ಕಾರ್ಖಾನೆ ಮತ್ತು 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ತಾಂತ್ರಿಕ ವಿಶ್ವವಿದ್ಯಾಲಯ ಅವರ ಹೆಸರನ್ನು ಹೊತ್ತಿವೆ. ಈ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೊಂದು ಮುದ್ದೇನಹಳ್ಳಿಯಲ್ಲಿದೆ. ಊರಿನಲ್ಲಿ ಅವರ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಕಾಪಾಡಲಾಗಿದ್ದು, ಸಮೀಪದಲ್ಲಿಯೇ ಸಮಾಧಿಯಿದೆ.