ಶ್ರೀಯವರ ಬೆಳಕಿನ ಹಾಡು

ಮಂಡ್ಯ, ಮದ್ದೂರು, ಮಳವಳ್ಳಿಗಳ ಶಾಲೆಗಳಲ್ಲಿ ಒಂದು ಪ್ರಾರ್ಥನೆಯನ್ನು ನಾನು ಎಷ್ಟೋ ಕೊರಳುಗಳಿಂದ ಕೇಳಿದ್ದೇನೆ. ಇರುಳಲ್ಲಿ ದಿಕ್ಕುಗಾಣದ ಪಯಣಿಗನೊಬ್ಬನು ಬೆಳಕಿನ ಮೊರೆಹೋಗುವ ಹಾಡು ಅದು. ಅದನ್ನು ಕನ್ನಡಕ್ಕೆ ತಂದವರು ಇದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದವರೆಂಬುದನ್ನು ಹಾಡುವ ಮಕ್ಕಳಲ್ಲಿ ಬಲ್ಲವರು ವಿರಳ.

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು 1884ರ ಜನವರಿ 3ರಂದು ತಾಯಿಯ ತವರಾದ ತುಮಕೂರು ಸೀಮೆಯ ಸಂಪಿಗೆಯಲ್ಲಿ ಜನಿಸಿದರು. ತಂದೆ ಶ್ರೀರಂಗಪಟ್ಟಣದಲ್ಲಿ ವಕೀಲರು. ಬಾಲಕನ ಮೊದಲ ವಿದ್ಯಾಭ್ಯಾಸವೂ ಅಲ್ಲಿಯೇ. ಮುಂದೆ ಬೆಂಗಳೂರು, ಮದರಾಸುಗಳಲ್ಲಿ ಓದಿ, 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಕಲಿಸಿದ್ದು ಇಂಗ್ಲಿಷ್, ಕೊರಗಿದ್ದು ಕನ್ನಡಕ್ಕಾಗಿ. ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು 1911ರಲ್ಲಿ ಧಾರವಾಡದಲ್ಲಿ ಅವರು ಮಾಡಿದ ಭಾಷಣವು ಆ ಕೊರಗಿನ ಫಲ.

ಕೇವಲ ಭಾಷಣದಿಂದ ಭಾಷೆ ಬೆಳೆಯಲಾರದೆಂಬುದನ್ನು ಅವರು ಬಲ್ಲರು. 1926ರಲ್ಲಿ ಹೊರಬಂದ ‘ಇಂಗ್ಲಿಷ್ ಗೀತಗಳು’ ಅದಕ್ಕೆ ಸಾಕ್ಷಿ. ಆದಿಪ್ರಾಸದ ಕಟ್ಟನ್ನು ಸಡಿಲಿಸಿ, ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಹೊಸ ರೀತಿಯಲ್ಲಿ ಹೊಂದಿಸಿ, ಷೆಲ್ಲಿ, ಬರ್ನ್ಸ್, ವರ್ಡ್ಸ್‌ವರ್ತರನ್ನು ಅವರು ಕನ್ನಡದಲ್ಲಿ ನುಡಿಸಿದರು. ಅವುಗಳ ನಡುವೆ ಈ ಪ್ರಾರ್ಥನೆಯೂ ಇದೆ.

ಮೂಲವನ್ನು ಬರೆದವರು ಜಾನ್ ಹೆನ್ರಿ ನ್ಯೂಮನ್. 1833ರಲ್ಲಿ ಸಿಸಿಲಿಯಲ್ಲಿ ಜ್ವರದಿಂದ ನರಳಿ ಎದ್ದು ಊರಿಗೆ ಮರಳುವಾಗ, ಗಾಳಿ ನಿಂತು ಹಡಗು ತಡೆದಿದ್ದ ಸಮಯದಲ್ಲಿ ಅದು ಹುಟ್ಟಿತು. ಇಂಗ್ಲೆಂಡಿನಲ್ಲಿಯೇ ಅದಕ್ಕೆ ಹಲವು ಧಾಟಿಗಳು ಬಂದುವು; ಜಾನ್ ಡೈಕ್ಸ್ 1865ರಲ್ಲಿ ಕೂಡಿಸಿದ ಧಾಟಿ ಬಹು ಪ್ರಸಿದ್ಧ. ಗಾಂಧೀಜಿಗೂ ಈ ಗೀತೆ ಪ್ರಿಯವಾಗಿತ್ತು.

ಶ್ರೀಯವರ ಕೈಯಲ್ಲಿ ಮೂಲದ ಜೌಗುನೆಲ, ಬಂಡೆಗಳು ನಮ್ಮ ಅಡವಿ, ಬೆಟ್ಟ, ಹೊಳೆಗಳಾದುವು. ಮೂಲದಲ್ಲಿ ಯಾವ ದೇವರ ಹೆಸರೂ ಇಲ್ಲ, ಕನ್ನಡದಲ್ಲಿಯೂ ಇಲ್ಲ. ಆದುದರಿಂದಲೇ ಅದು ಎಲ್ಲರ ಮನೆಯ ಪ್ರಾರ್ಥನೆಯಾಗಬಲ್ಲುದು. ಅಗಲಿದ ಮುಖಗಳನ್ನು ಮತ್ತೆ ಕಾಣುವ ಆಸೆಯಲ್ಲಿ ಗೀತೆ ಮುಗಿಯುತ್ತದೆ. ಶ್ರೀಯವರು ಹರೆಯದಲ್ಲಿಯೇ ಪತ್ನಿಯನ್ನು ಕಳೆದುಕೊಂಡು ಮರುಮದುವೆಯಾಗದೆ ಬಾಳಿದವರು. ಆ ಸಾಲುಗಳನ್ನು ಅವರು ಕೇವಲ ಭಾಷಾಂತರಕಾರರಾಗಿ ಬರೆದಿರಲಾರರೆಂದು ನನ್ನ ನಂಬಿಕೆ.

1928ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ, 1938ರಲ್ಲಿ ‘ರಾಜಸೇವಾಸಕ್ತ’ ಬಿರುದು ಅವರಿಗೆ ಸಂದುವು. ತರುಣನಾಗಿ ಕನ್ನಡದ ಪರವಾಗಿ ಮಾತನಾಡಿದ್ದ ಧಾರವಾಡದಲ್ಲಿಯೇ 1946ರ ಜನವರಿ 5ರಂದು ಅವರು ತೀರಿಕೊಂಡರು. ಬಳಿಕ ಸುಗಮ ಸಂಗೀತದ ಗಾಯಕರು ಆ ಗೀತೆಗೆ ತಮ್ಮ ತಮ್ಮ ಕಂಠವನ್ನಿತ್ತರು, ಕ್ಯಾಸೆಟ್ಟು, ಸಿ.ಡಿ.ಗಳಲ್ಲಿ ಅದು ಮತ್ತೆ ಮತ್ತೆ ಮುದ್ರಿತವಾಯಿತು. ಒಬ್ಬರು ಅದನ್ನು ವಿಳಂಬದಲ್ಲಿ ಹಾಡಿದರೆ ಮತ್ತೊಬ್ಬರು ಭಜನೆಯಂತೆ ಹಾಡುವರು. ಯಾರು ಹಾಡಿದರೂ ಕೇಳುವವರಿಗೆ ಅದು ಪರಭಾಷೆಯಿಂದ ಬಂದುದೆಂಬುದು ನೆನಪಾಗದು. ಅನುವಾದಕನಿಗೆ ಇದಕ್ಕಿಂತ ಹಿರಿದಾದ ಗೆಲುವಿಲ್ಲ. ಆದರೆ ಆ ಗೆಲುವಿನಲ್ಲಿ ಅವನ ಹೆಸರೇ ಕರಗಿಹೋಗುವುದುಂಟು. ಮಂಡ್ಯದ ಉಪಾಧ್ಯಾಯ ಮಿತ್ರರು ಪ್ರಾರ್ಥನೆ ಮುಗಿದ ಮೇಲೆ ಬೆಳ್ಳೂರಿನ ಹೆಸರನ್ನು ಒಮ್ಮೆ ಮಕ್ಕಳಿಗೆ ಹೇಳಿದರೆ ಸಾಕು.