ಹೊಳೆಮೀನುಗಳ ಮರ್ಮವರಿತ ಸುಂದರಲಾಲ್ ಹೋರಾ

ವಿಜಯಪುರದಿಂದ ಸೊಲ್ಲಾಪುರ ರಸ್ತೆಯಲ್ಲಿ ಉತ್ತರಕ್ಕೆ ಸಾಗಿದರೆ ಧೂಳಖೇಡದ ಬಳಿ ಭೀಮಾ ನದಿ ಎದುರಾಗುತ್ತದೆ. ಮಳೆಗಾಲದಲ್ಲಿ ದಡ ತುಂಬಿ ರಾಡಿಯಾಗಿ ಹರಿಯುವ ಈ ಹೊಳೆ ಬೇಸಿಗೆಯಲ್ಲಿ ಇಳಿದು ಅಲ್ಲಲ್ಲಿ ಮಡುಗಳಾಗಿ ನಿಲ್ಲುವುದುಂಟು. ನದಿ ಒಂದೇ ಆದರೂ ಅದರಲ್ಲಿ ಸೆಳವಿದೆ, ಆಳವಾದ ಮಡುವಿದೆ, ಕಲ್ಲುಗಳ ಸಂದಿದೆ, ಕೆಸರಿದೆ. ಯಾವ ಮೀನು ಎಲ್ಲಿ ಸಿಕ್ಕುವುದೆಂಬುದನ್ನು ಬಲೆ ಬೀಸುವವರು ಬಲ್ಲರು. ಆದರೆ ಅದು ಅಲ್ಲಿಯೇ ಏಕೆ ಬಾಳುತ್ತದೆ? ಈ ಪ್ರಶ್ನೆಯ ಬೆನ್ನು ಹತ್ತಿ ಭಾರತದ ಬೆಟ್ಟದ ತೊರೆಗಳನ್ನು ಶೋಧಿಸಿದವರು ಡಾ. ಸುಂದರಲಾಲ್ ಹೋರಾ.

ಹೋರಾ ಅವರು ೧೮೯೬ರಲ್ಲಿ ಪಂಜಾಬಿನ ಹಾಫಿಜಾಬಾದಿನಲ್ಲಿ ಜನಿಸಿದರು. ಆ ಊರು ಇಂದು ಪಾಕಿಸ್ತಾನದಲ್ಲಿದೆ. ಲಾಹೋರಿನಲ್ಲಿ ಪ್ರಾಣಿಶಾಸ್ತ್ರದ ಉನ್ನತ ವ್ಯಾಸಂಗ ಮಾಡಿದ ಈ ತರುಣನ ಪ್ರತಿಭೆಯನ್ನು ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಮೊದಲ ನಿರ್ದೇಶಕರಾದ ನೆಲ್ಸನ್ ಆನಂಡೇಲ್ ಗುರುತಿಸಿದರು. ಅವರ ಕರೆಯಂತೆ ಹೋರಾ ಕಲ್ಕತ್ತೆಗೆ ಬಂದು ಆ ಸಂಸ್ಥೆಯನ್ನು ಸೇರಿದರು.

ಆ ಕಾಲದಲ್ಲಿ ಮೀನುಗಳ ಅಧ್ಯಯನವೆಂದರೆ ಬಹುಮಟ್ಟಿಗೆ ಮದ್ಯಸಾರದ ಜಾಡಿಯಲ್ಲಿಟ್ಟ ಮೀನನ್ನು ಅಳೆದು, ಹುರುಪೆಗಳನ್ನು ಎಣಿಸಿ, ಹೆಸರಿಡುವ ಕಾರ್ಯವಾಗಿತ್ತು. ಹೋರಾ ಅದರಲ್ಲಿಯೂ ನಿಪುಣರೇ. ಆದರೆ ಜಾಡಿಯೊಳಗಿನ ಮೀನು ತನ್ನ ಬಾಳನ್ನು ಹೇಳಲಾರದು. ಆದ್ದರಿಂದ ಅವರು ಮಣಿಪುರದ ನೀರುಗಳನ್ನೂ ಖಾಸಿ ಬೆಟ್ಟಗಳ ತೊರೆಗಳನ್ನೂ ಅರಸಿ ಹೋದರು. ಆನೆಯಂಥ ಪ್ರಾಣಿಯೂ ಕಾಲೂರಲು ಅಂಜುವ ಸೆಳವಿನಲ್ಲಿ ಬೆರಳುದ್ದದ ಮೀನು ನಿಶ್ಚಿಂತವಾಗಿರುವುದು ಹೇಗೆಂಬುದೇ ಅವರ ಮುಂದಿದ್ದ ಸಮಸ್ಯೆ.

ಅದಕ್ಕೆ ಉತ್ತರ ಮೀನಿನ ದೇಹದಲ್ಲಿಯೂ ನೀರಿನ ನಡೆಯಲ್ಲಿಯೂ ಇತ್ತು. ಪ್ರವಾಹ ಎಷ್ಟೇ ರಭಸವಾಗಿದ್ದರೂ ಬಂಡೆಗೆ ತಾಗಿದ ನೀರು ಘರ್ಷಣೆಯಿಂದ ನಿಧಾನವಾಗಿ ಚಲಿಸುತ್ತದೆ. ದೇಹ ಚಪ್ಪಟೆಯಾದಷ್ಟೂ ಮೀನು ಆ ತೆಳುವಾದ ಪದರದ ಆಶ್ರಯವನ್ನು ಪಡೆಯಬಲ್ಲುದು. ಮಡುವಿನ ಮೀನಿಗೆ ನೀರಿನ ನಡುವೆ ತೇಲಿ ನಿಲ್ಲಲು ದೊಡ್ಡ ಗಾಳಿಚೀಲ ಬೇಕು. ಸೆಳವಿನ ತಳದಲ್ಲಿರುವ ಮೀನಿಗೆ ಅದೇ ಅಪಾಯ. ಹೀಗಾಗಿ ಇಂಥವುಗಳಲ್ಲಿ ಗಾಳಿಚೀಲ ಕುಗ್ಗಿಹೋಗಿರುತ್ತದೆ. ಗಾರಾ ಎಂಬ ಮೀನಿಗೆ ಬಾಯಿಯ ಕೆಳಗೆ ಬಟ್ಟಲಿನಂಥ ಹೀರುಬಿಲ್ಲೆಯಿದೆ. ಕೆಲವು ಮೀಸೆಮೀನುಗಳ ಎದೆಯ ಚರ್ಮ ಮಡಿಕೆಮಡಿಕೆಯಾಗಿ ಕಲ್ಲನ್ನು ಹಿಡಿಯುತ್ತದೆ. ಬಾಲಿಟೋರಾ ಬಳಗದ ಮೀನುಗಳಂತೂ ಈಜುರೆಕ್ಕೆಗಳನ್ನು ಇಕ್ಕೆಲಗಳಿಗೂ ಹರಡಿ ಬಂಡೆಗೆ ಅಂಟಿಕೊಳ್ಳುತ್ತವೆ. ಎದೆಯ ರೆಕ್ಕೆಗಳ ಒಳಗಡ್ಡಿಗಳನ್ನು ಎಡೆಬಿಡದೆ ಆಡಿಸಿ, ಹೊಟ್ಟೆಯಡಿಗೆ ನುಸುಳಿದ ನೀರನ್ನು ಹೊರದೂಡುತ್ತವೆ. ಈ ಸಂಶೋಧನೆಗಳನ್ನೊಳಗೊಂಡ ಹೋರಾ ಅವರ ವಿಸ್ತಾರವಾದ ಪ್ರಬಂಧವನ್ನು ಲಂಡನ್ನಿನ ರಾಯಲ್ ಸೊಸೈಟಿ ೧೯೩೦ರಲ್ಲಿ ಪ್ರಕಟಿಸಿತು.

ಕನ್ನಡ ನಾಡಿನ ಮೀನುಗಳೂ ಅವರ ಗಮನವನ್ನು ಸೆಳೆದವು. ಶಿವನಸಮುದ್ರದ ಬಳಿ ಕಾವೇರಿಯಲ್ಲಿ ದೊರೆತ ಪುಟ್ಟ ಮೀನೊಂದಕ್ಕೆ ಅವರು ೧೯೪೧ರಲ್ಲಿ ಮೈಸೂರಿನ ಹೆಸರನ್ನೇ ಸೇರಿಸಿ ಬಾಲಿಟೋರಾ ಮೈಸೂರೆನ್ಸಿಸ್ ಎಂದು ನಾಮಕರಣ ಮಾಡಿದರು. ಪಶ್ಚಿಮ ಘಟ್ಟಗಳ ಇಂಥ ಮೀನುಗಳ ನಂಟರು ದೂರದ ಪೂರ್ವ ಹಿಮಾಲಯದಲ್ಲಿಯೂ ಮಲಯದಲ್ಲಿಯೂ ಇದ್ದಾರೆ. ನಡುವಣ ಬಯಲುಸೀಮೆಯಲ್ಲಿ ಇಲ್ಲ. ಸೆಳವಿಗೆ ಒಗ್ಗಿದ ಮೀನು ಬಯಲಿನ ಮಂದ ನೀರನ್ನು ದಾಟಿ ಬಂದುದೆಂತು? ಹಿಂದೊಮ್ಮೆ ಸಾತ್ಪುರ ಬೆಟ್ಟಗಳ ಸಾಲು ಈಗಿಗಿಂತ ಎತ್ತರವಾಗಿ, ತೊರೆಗಳಿಂದ ತುಂಬಿದ್ದು, ಸೇತುವೆಯಂತೆ ಒದಗಿರಬೇಕೆಂದು ಹೋರಾ ಊಹಿಸಿದರು. ಈ ಸಾತ್ಪುರ ವಾದವನ್ನು ಅನಂತರದ ವಿಜ್ಞಾನಿಗಳಲ್ಲಿ ಅನೇಕರು ಒಪ್ಪಲಿಲ್ಲ. ಆದರೂ ಅವರ ಪ್ರಶ್ನೆ ಹಳತಾಗಿಲ್ಲ. ಅಣೆಕಟ್ಟಿನ ಹಿಂದೆ ಹೊಳೆ ಕೆರೆಯಂತೆ ನಿಂತಾಗ ಮಡುವಿನ ಮೀನು ಹೇಗೋ ಬಾಳೀತು. ಬಂಡೆಗೆ ಅಂಟಿ ಬಾಳುವ ಮೀನಿಗೆ ಹೋಗಲು ಬೇರೆ ಎಡೆಯಿಲ್ಲ.

೧೯೪೦ರ ದಶಕದಲ್ಲಿ ಹೋರಾ ಬಂಗಾಳದ ಮೀನುಗಾರಿಕೆ ಇಲಾಖೆಯನ್ನು ನಡೆಸಿದರು. ೧೯೪೭ರಲ್ಲಿ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾದರು. ಆಡಳಿತದ ಹೊರೆಯ ನಡುವೆಯೂ ಅವರು ಪ್ರಾಚೀನ ಗ್ರಂಥಗಳಲ್ಲಿ ಮೀನುಗಳ ವಿಷಯವನ್ನು ಹುಡುಕುತ್ತಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಅಧ್ಯಾಯವಿದೆ. ಕಡಲಿನವು, ನದಿಯವು, ಹುರುಪೆಯುಳ್ಳವು, ಇಲ್ಲದವು ಎಂದು ಮೀನುಗಳನ್ನು ವಿಂಗಡಿಸಿ, ಅವುಗಳಿಗೆ ಒಡ್ಡುವ ಆಹಾರವನ್ನೂ ಅರಸನು ಅಲ್ಲಿ ವಿವರಿಸಿದ್ದಾನೆ. ೧೯೫೧ರಲ್ಲಿ ಹೋರಾ ಈ ಅಧ್ಯಾಯವನ್ನು ಕುರಿತು ಬರೆದು ವಿದ್ವಾಂಸರ ಗಮನಕ್ಕೆ ತಂದರು. ಕನ್ನಡ ನೆಲದ ಅರಸನ ಗಾಳದ ಆಟದಲ್ಲಿ ಅಡಗಿದ್ದ ಅರಿವನ್ನು ಪಂಜಾಬಿನ ವಿಜ್ಞಾನಿ ಎತ್ತಿ ತೋರಿಸಿದುದು ಸ್ವಾರಸ್ಯವಾಗಿದೆ.

ಹೋರಾ ಅವರು ೧೯೫೫ರ ಡಿಸೆಂಬರಿನಲ್ಲಿ ತೀರಿಕೊಂಡರು. ಪಶ್ಚಿಮ ಘಟ್ಟದ ನದಿಗಳ ಹಳದಿ ಮೀಸೆಮೀನಿನ ಕುಲಕ್ಕೆ ಅದೇ ವರ್ಷ ಅವರ ಗೌರವಾರ್ಥವಾಗಿ ಹೋರಾಬಾಗ್ರಸ್ ಎಂದು ಹೆಸರಿಡಲಾಯಿತು. ಆದರೆ ಆ ಮೀನು ಸೆಳವಿನದಲ್ಲ. ಕೆಳನಾಡಿನ ನಿಧಾನವಾದ ನೀರಿನಲ್ಲಿ, ಮರಳು ಕೆಸರಿನ ತಳದಲ್ಲಿ ಅದರ ವಾಸ.